ಪ್ಯಾನ್ ನಾರಿನಿಂದ ಕಾರ್ಬನ್ ಫೈಬರ್: ಕುಲುಮೆಗೆ ಮುಂಚಿನ ರಾಸಾಯನಿಕ ಸಂಸ್ಕರಣೆ, ಹಂತ ಹಂತವಾಗಿ

ಫ್ಯೂಮ್‌ಹುಡ್ ಒಳಗೆ ಪ್ಯಾನ್ (ಪಾಲಿಅಕ್ರಿಲೋನೈಟ್ರೈಲ್) ನಾರಿನ ಒಂದೇ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಜ್ವಾಲೆಗೆ ತೋರಿಸಿ. ಮುದುಡುತ್ತದೆ, ಮೆತ್ತಗಾಗಿ ಗಂಟು ಕಟ್ಟುತ್ತದೆ, ಮಸಿ ಬಿಟ್ಟುಕೊಂಡು ಉರಿದುಹೋಗುತ್ತದೆ. ಅದೇ ನಾರನ್ನು ಗಾಳಿಯಾಡುವ ಓವನ್‌ನಲ್ಲಿ ಒಂದೆರಡು ಗಂಟೆ ಹದವಾಗಿ ಕಾಯಿಸಿ ಕಪ್ಪಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಈ ಸಲ ತುದಿ ಕೆಂಪಗೆ ಕಾಯುತ್ತದೆ ಅಷ್ಟೆ. ಜ್ವಾಲೆ ತೆಗೆದರೆ ಆರುತ್ತದೆ, ಎಳೆ ಎಳೆಯಾಗಿಯೇ ಉಳಿದಿರುತ್ತದೆ. ಕಾರ್ಬನ್ ಫೈಬರ್ ತಯಾರಿಕೆಯ ಮುಕ್ಕಾಲು ಪಾಲು ಕಷ್ಟ ಈ ಎರಡು ಎಳೆಗಳ ನಡುವೆ ಇದೆ. 1000 ಡಿಗ್ರಿ ದಾಟುವ ಫರ್ನೇಸ್ ನೋಡಲು ಭರ್ಜರಿಯಾಗಿರುತ್ತದೆ, ಬಂದವರಿಗೆಲ್ಲ ಅದನ್ನೇ ತೋರಿಸುತ್ತೇವೆ. ಆದರೆ ನಾರು ಕೆಡುವುದು ಹೆಚ್ಚಾಗಿ ಅದಕ್ಕೂ ಮೊದಲು, ದ್ರಾವಣದ ತೊಟ್ಟಿಯಲ್ಲಿ ಮತ್ತು 250 ಡಿಗ್ರಿ ಆಸುಪಾಸಿನ ಸಾದಾ ಓವನ್‌ನಲ್ಲಿ.

ಆ ಹಂತಗಳನ್ನು ಪ್ರಯೋಗಾಲಯದ ಪ್ರಮಾಣದಲ್ಲಿ ಮಾಡುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ವಿಷಯ. ಪಾಲಿಮರ್ ಅಥವಾ ಮೆಟೀರಿಯಲ್ಸ್ ಓದುತ್ತಿರುವವರು, ಸರಿಯಾದ ಫ್ಯೂಮ್‌ಹುಡ್ ಮತ್ತು ಹೊಗೆ ಹೊರಹಾಕುವ ವ್ಯವಸ್ಥೆ ಇರುವವರು ನನ್ನ ಓದುಗರು. ಇದನ್ನು ಮನೆಯಲ್ಲಿ ಮಾಡಲೇಬಾರದು. ಕಾರಣ ಒಂದೇ ಪದದಲ್ಲಿ: ಸಯನೈಡ್. ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ.

ನಾರಿನೊಳಗೆ ನಡೆಯುವುದೇನು

ಪ್ಯಾನ್ ಎಂದರೆ ಪಾಲಿಅಕ್ರಿಲೋನೈಟ್ರೈಲ್. ಉದ್ದನೆಯ ಕಾರ್ಬನ್ ಸರಪಳಿ, ಒಂದು ಬಿಟ್ಟು ಒಂದು ಕಾರ್ಬನ್‌ಗೆ ಅಂಟಿಕೊಂಡ ನೈಟ್ರೈಲ್ ಗುಂಪು, ಅಂದರೆ ಕಾರ್ಬನ್-ನೈಟ್ರೋಜನ್ ಜೋಡಿ. ಒಂದು ಘಟಕದ ಅಣುತೂಕ 53, ಅದರಲ್ಲಿ ಕಾರ್ಬನ್ 36. ಅಂದರೆ ತೂಕದಲ್ಲಿ ಸುಮಾರು 68 ಶೇಕಡಾ ಕಾರ್ಬನ್ನೇ. ಕೊನೆಗೆ ಕೈಗೆ ಸಿಗುವುದು ಮೂಲ ನಾರಿನ 50ರಿಂದ 55 ಶೇಕಡಾ. ಉಳಿದ ಕಾರ್ಬನ್ ಹೈಡ್ರೋಜನ್ ಸಯನೈಡ್, ಕಾರ್ಬನ್ ಡೈಆಕ್ಸೈಡ್, ಟಾರ್ ಇತ್ಯಾದಿಯಾಗಿ ಹೊರಟುಹೋಗುತ್ತದೆ.

ಕಾಯಿಸಿದಾಗ ಅಕ್ಕಪಕ್ಕದ ನೈಟ್ರೈಲ್ ಗುಂಪುಗಳು ಒಂದರ ಕೈ ಇನ್ನೊಂದು ಹಿಡಿದು ಆರು ಮೂಲೆಯ ಉಂಗುರಗಳಾಗುತ್ತವೆ. ಒಂಟಿ ಸರಪಳಿ ಹೀಗೆ ಏಣಿಯಾಗುತ್ತದೆ. ಏಣಿ ಬಾಗುವುದಿಲ್ಲ, ಕರಗುವುದಿಲ್ಲ. ಜೊತೆಗೆ ಗಾಳಿಯ ಆಕ್ಸಿಜನ್ ಹೈಡ್ರೋಜನ್ನನ್ನು ಕಿತ್ತು ನೀರಾಗಿಸುತ್ತದೆ, ತಾನೂ ಒಂದಷ್ಟು ಏಣಿಗೆ ಅಂಟಿಕೊಳ್ಳುತ್ತದೆ. ಈ ಇಡೀ ಪ್ರಕ್ರಿಯೆಗೆ ಸ್ಥಿರೀಕರಣ ಎಂದು ಹೆಸರು. ಲ್ಯಾಬ್‌ನಲ್ಲಿ ನಾವು ‘ಆಕ್ಸಿಡೇಶನ್’ ಎಂದೇ ಕರೆಯುವುದು.

ತೊಂದರೆ ಏನೆಂದರೆ ಉಂಗುರ ಕಟ್ಟುವ ಕ್ರಿಯೆ ವಿಪರೀತ ಶಾಖ ಬಿಡುತ್ತದೆ. ಶುದ್ಧ ಪ್ಯಾನ್‌ನಲ್ಲಿ ಅದು ತಡವಾಗಿ ಶುರುವಾಗಿ, ಒಮ್ಮೆಗೇ ಭುಗಿಲೇಳುತ್ತದೆ. ಡಿಎಸ್‌ಸಿ ಯಂತ್ರದಲ್ಲಿ (ಕಾಯಿಸುತ್ತಾ ಹೋದಂತೆ ವಸ್ತು ಬಿಡುವ ಶಾಖ ಅಳೆಯುವ ಸಾಧನ) ನೋಡಿದರೆ 280 ಡಿಗ್ರಿ ಆಸುಪಾಸಿನಲ್ಲಿ ಸೂಜಿಯಂಥ ಚೂಪು ಶಿಖರ. ರಾಸಾಯನಿಕ ಸಂಸ್ಕರಣೆ ಮಾಡುವ ಕೆಲಸ ಆ ಸೂಜಿಯನ್ನು ಗುಡ್ಡವಾಗಿಸುವುದು: ಕ್ರಿಯೆ ಬೇಗ, ಕಡಿಮೆ ಉಷ್ಣತೆಯಲ್ಲಿ ಶುರುವಾಗಬೇಕು, ನಿಧಾನಕ್ಕೆ ಹರಡಿಕೊಂಡು ಮುಗಿಯಬೇಕು. ಕಳಪೆ ನಾರನ್ನು ಒಳ್ಳೆಯದಾಗಿಸುವ ಶಕ್ತಿ ಯಾವ ದ್ರಾವಣಕ್ಕೂ ಇಲ್ಲ.

ಹಂತ 1: ನಾರಿನ ಆಯ್ಕೆ

ಉಣ್ಣೆಯ ಬದಲಿಗೆ ಬಳಸುವ ಬಟ್ಟೆ ದರ್ಜೆಯ ಅಕ್ರಿಲಿಕ್ ನಾರು ಅಗ್ಗ, ಸುಲಭವಾಗಿ ಸಿಗುತ್ತದೆ. ಕಲಿಯಲು ಅಡ್ಡಿಯಿಲ್ಲ. ಆದರೆ ಅದರ ಸಹಮಾನೋಮರ್‌ಗಳನ್ನು, ಅಂದರೆ ಸರಪಳಿಯಲ್ಲಿ ಬೆರೆಸುವ ಬೇರೆ ಘಟಕಗಳನ್ನು, ಬಣ್ಣ ಹಿಡಿಯಲಿ, ಮೆತ್ತಗಿರಲಿ ಎಂದು ಸೇರಿಸಿರುತ್ತಾರೆ, ಎಳೆಯೂ ದಪ್ಪ. ಕಾರ್ಬನ್ ಫೈಬರ್‌ಗೆಂದೇ ನೂತ ‘ಪ್ರಿಕರ್ಸರ್’ ನಾರಿನಲ್ಲಿ ಸಾಮಾನ್ಯವಾಗಿ ಒಂದೆರಡು ಶೇಕಡಾ ಇಟಕಾನಿಕ್ ಆಮ್ಲ ಇರುತ್ತದೆ, ನೂಲಲು ಅನುಕೂಲವಾಗಲೆಂದು ಸ್ವಲ್ಪ ಮೀಥೈಲ್ ಅಕ್ರಿಲೇಟ್ ಇರುತ್ತದೆ. ಇಟಕಾನಿಕ್ ಆಮ್ಲವೇ ನಾರಿನೊಳಗೆ ಹುದುಗಿಸಿಟ್ಟ ಸಂಸ್ಕರಣೆ. ಅದರ ಕಾರ್ಬಾಕ್ಸಿಲ್ ಗುಂಪು ಪಕ್ಕದ ನೈಟ್ರೈಲ್ ಮೇಲೆ ಎರಗಿ ಮೊದಲ ಉಂಗುರವನ್ನು ಕಟ್ಟಿಬಿಡುತ್ತದೆ, ಅಲ್ಲಿಂದ ಸಾಲು ಮುಂದುವರಿಯುತ್ತದೆ.

ಎಳೆಯ ದಪ್ಪ ಗೊತ್ತಿರಲೇಬೇಕು. ಉದಾಹರಣೆಗೆ 1.22 ಡೆಸಿಟೆಕ್ಸ್ ಎಳೆ ಎಂದರೆ 10,000 ಮೀಟರ್‌ಗೆ 1.22 ಗ್ರಾಂ. ಪ್ಯಾನ್ ಸಾಂದ್ರತೆ ಘನ ಸೆಂಟಿಮೀಟರ್‌ಗೆ 1.18 ಗ್ರಾಂ ಎಂದು ಹಿಡಿದು ಲೆಕ್ಕ ಹಾಕಿದರೆ ಅಡ್ಡಕೊಯ್ತ ಸುಮಾರು 103 ಚದರ ಮೈಕ್ರಾನ್, ವ್ಯಾಸ ಹನ್ನೊಂದೂವರೆ ಮೈಕ್ರಾನ್. ಎಳೆ ದಪ್ಪವಾದಷ್ಟೂ ಆಕ್ಸಿಜನ್ ನಡುಮಧ್ಯಕ್ಕೆ ತಲುಪುವುದು ಕಷ್ಟ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 2: ತೊಳೆಯುವುದು

ಹೆಚ್ಚಿನವರು ಹಾರಿಸುವ ಹಂತ ಇದು. ನೂಲುವಾಗ ಎಳೆಗಳು ಒಂದಕ್ಕೊಂದು ಅಂಟದಿರಲೆಂದು ಎಣ್ಣೆಯ ಲೇಪ ಕೊಟ್ಟಿರುತ್ತಾರೆ. ನೀರಿನ ದ್ರಾವಣ ಒಳಗಿಳಿಯಬೇಕಾದರೆ ಅದು ಹೋಗಬೇಕು. ಸೌಮ್ಯ, ಅಯಾನಿಕವಲ್ಲದ ಮಾರ್ಜಕ ಹಾಕಿದ ಬೆಚ್ಚನೆಯ ನೀರಿನಲ್ಲಿ ಅದ್ದಿ ತೆಗೆಯಿರಿ, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕೈದು ಸಲ. ಉಜ್ಜಬೇಡಿ, ಹಿಂಡಬೇಡಿ, ಟೋ, ಅಂದರೆ ಎಳೆಗಳ ಕಟ್ಟು, ನೀರಿನಲ್ಲಿ ತನ್ನಷ್ಟಕ್ಕೆ ಬಿಚ್ಚಿಕೊಳ್ಳಲಿ. ನಲ್ಲಿ ನೀರು ಬೇಡ. ಸೋಡಿಯಂ, ಕ್ಯಾಲ್ಸಿಯಂ ಕಣಗಳು ಮುಂದೆ ಫರ್ನೇಸ್‌ನಲ್ಲಿ ಕಾರ್ಬನ್ನನ್ನು ಕೊರೆದು ಗುಳಿ ಮಾಡುತ್ತವೆ, ಪ್ರತಿ ಗುಳಿಯೂ ಎಳೆ ಮುರಿಯುವ ಜಾಗ.

60 ಡಿಗ್ರಿಯಲ್ಲಿ ಒಣಗಿಸಿ, ತೂಗಿ, ಬರೆದಿಟ್ಟುಕೊಳ್ಳಿ.

ಹಂತ 3: ದ್ರಾವಣದಲ್ಲಿ ಅದ್ದುವುದು

ಪ್ಯಾನ್ ನಾರಿನ ಮೇಲೆ ಪ್ರಯೋಗಿಸಿ ನೋಡಿದ ರಾಸಾಯನಿಕಗಳ ಪಟ್ಟಿ ಉದ್ದವಿದೆ: ಪೊಟ್ಯಾಸಿಯಂ ಪರ್ಮಾಂಗನೇಟ್, ಕೋಬಾಲ್ಟ್ ಮತ್ತು ತಾಮ್ರದ ಕ್ಲೋರೈಡ್‌ಗಳು, ಹೈಡ್ರಜೀನ್, ಹೈಡ್ರಾಕ್ಸಿಲಮೈನ್, ಬೋರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್. ಬೋರಿಕ್ ಆಮ್ಲ ಇವುಗಳ ನಡುವೆ ವಿಚಿತ್ರ ಪ್ರಾಣಿ: ಮಿಕ್ಕವು ಕ್ರಿಯೆಯನ್ನು ಬೇಗ ಮಾಡಿದರೆ ಇದು ಆಕ್ಸಿಡೇಶನ್ನನ್ನು ತಡಮಾಡುತ್ತದೆ. ದಪ್ಪ ಎಳೆಯ ಹೊರಪದರ ಬೇಗ ಬಿಗಿದುಕೊಳ್ಳದೆ ಆಕ್ಸಿಜನ್ ಒಳಕ್ಕೆ ಇಳಿಯಲು ಅದರಿಂದ ಸಮಯ ಸಿಗುತ್ತದೆ. ಹೈಡ್ರಜೀನ್ ಪರಿಣಾಮಕಾರಿ ಹೌದು. ಆದರೆ ಕ್ಯಾನ್ಸರ್‌ಕಾರಕ, ಉರಿಯುವಂಥದ್ದು. ಕಲಿಯುವವರು ಅದರ ತಂಟೆಗೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಶುರು ಮಾಡಲು ಪರ್ಮಾಂಗನೇಟ್ ಒಳ್ಳೆಯದು. 950 ಗ್ರಾಂ ಡಿಸ್ಟಿಲ್ಡ್ ನೀರಿಗೆ 50 ಗ್ರಾಂ ಹಾಕಿದರೆ ತೂಕದಲ್ಲಿ 5 ಶೇಕಡಾ ದ್ರಾವಣ. ಕೋಣೆಯ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 6.4 ಗ್ರಾಂ ಮಾತ್ರ ಕರಗುವುದರಿಂದ 5 ಶೇಕಡಾ ದಾಟದಿರುವುದು ಕ್ಷೇಮ. 7 ಶೇಕಡಾ ಮಾಡಿದರೆ ಬಿಸಿ ಇರುವಾಗ ಕರಗಿಯೇ ಇರುತ್ತದೆ, ಆದರೆ ಟೋ ಮೇಲೆತ್ತಿ ತಣ್ಣಗಾಗುತ್ತಿದ್ದಂತೆ ಎಳೆಗಳ ನಡುವೆ ಹರಳು ಕೂರುತ್ತದೆ. ಹಾಗೆ ಕೂತ ಹರಳು ಬಿಡಿಸುವುದರೊಳಗೆ ಅರ್ಧ ಟೋ ತುಂಡಾಗಿರುತ್ತದೆ.

ಗಾಜಿನ ಬೀಕರನ್ನು ನೀರಿನ ತೊಟ್ಟಿಯಲ್ಲಿಟ್ಟು ದ್ರಾವಣವನ್ನು 80ರಿಂದ 85 ಡಿಗ್ರಿಗೆ ತನ್ನಿ. ನಾರನ್ನು ಮೊದಲೇ ಚೌಕಟ್ಟಿಗೆ ಸಡಿಲವಾಗದಂತೆ ಸುತ್ತಿರಬೇಕು, ಏಕೆಂದರೆ ಪ್ಯಾನ್ ಈ ಉಷ್ಣತೆಯಲ್ಲೇ ಮೆತ್ತಗಾಗತೊಡಗುತ್ತದೆ. ಬಿಟ್ಟರೆ ಕುಗ್ಗಿ, ನೂಲುವಾಗ ಕಷ್ಟಪಟ್ಟು ಸಾಲುಗೂಡಿಸಿದ ಅಣುಗಳು ಮತ್ತೆ ಸಿಕ್ಕುಗಟ್ಟುತ್ತವೆ. ಮುಳುಗಿಸಿ, ಗಡಿಯಾರ ನೋಡಿ. ಎರಡು ನಿಮಿಷದಿಂದ ಶುರು ಮಾಡಿ, ಐದು ನಿಮಿಷದ ಇನ್ನೊಂದು ಮಾದರಿ ಮಾಡಿ, ಸಂಸ್ಕರಿಸದ ಮೂರನೆಯದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಹೋಲಿಕೆಯ ಮಾದರಿಯನ್ನೂ ಅಷ್ಟೇ ಹೊತ್ತು ಅಷ್ಟೇ ಬಿಸಿಯ ಬರೀ ನೀರಿನಲ್ಲಿ ಅದ್ದಬೇಕು. ಇಲ್ಲವಾದರೆ ಆದ ಬದಲಾವಣೆ ಪರ್ಮಾಂಗನೇಟ್‌ನದೋ ಬಿಸಿನೀರಿನದೋ ಹೇಳಲಾಗುವುದಿಲ್ಲ.

ಹೊರತೆಗೆದ ನಾರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದು ಸ್ಥಿರೀಕರಣದ ಬಣ್ಣವಲ್ಲ, ಮೇಲೆ ಕೂತ ಮ್ಯಾಂಗನೀಸ್ ಡೈಆಕ್ಸೈಡ್. ಡಿಸ್ಟಿಲ್ಡ್ ನೀರು ಗುಲಾಬಿ ಬಣ್ಣ ಬಿಡುವುದು ಪೂರ್ತಿ ನಿಲ್ಲುವವರೆಗೆ ತೊಳೆಯಿರಿ. ಬೇಸರ ಬರುತ್ತದೆ, ಆದರೂ ತೊಳೆಯಿರಿ. ನಾರಿನ ಮೇಲೆ ಉಳಿದ ಲೋಹ, ಮೊದಲೇ ಹೇಳಿದ ಸೋಡಿಯಂನಂತೆಯೇ, ನಾಳೆ ಗುಳಿಯಾಗುತ್ತದೆ.

ಎಚ್ಚರಿಕೆಗಳು ಮೂರು. ಪರ್ಮಾಂಗನೇಟ್ ಹರಳಿಗೆ ಗ್ಲಿಸರಿನ್, ಅಸಿಟೋನ್, ಆಲ್ಕೊಹಾಲ್ ಯಾವುದೂ ತಾಗಬಾರದು, ಬೆಂಕಿ ಹತ್ತಬಹುದು. ಗಾಢ ಸಲ್ಫ್ಯೂರಿಕ್ ಆಮ್ಲದ ಜೊತೆ ಸೇರಿದರೆ ಸ್ಫೋಟಕ ಸಂಯುಕ್ತವಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪಾತ್ರೆ ತೊಳೆಯಲು ಹೋದರೆ ಕ್ಲೋರಿನ್ ಏಳುತ್ತದೆ. ಕೈಗವಸು ಹಾಕದಿದ್ದರೆ ಉಗುರು ವಾರವಿಡೀ ಕಂದು. ಇದು ಅಪಾಯವಲ್ಲ, ಆದರೆ ಲ್ಯಾಬ್‌ನಲ್ಲಿ ಹೊಸಬರು ಯಾರೆಂದು ಹೀಗೇ ಗೊತ್ತಾಗುವುದು.

ಹಂತ 4: ಬಿಗಿತ

1959ರಲ್ಲಿ ಜಪಾನಿನ ಒಸಾಕಾದಲ್ಲಿ ಅಕಿಯೊ ಶಿಂದೊ ಪ್ಯಾನ್‌ನಿಂದ ಕಾರ್ಬನ್ ನಾರು ಮಾಡಿ ತೋರಿಸಿದರು. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಲಿಯಂ ವಾಟ್ ಮತ್ತು ಸಂಗಡಿಗರು ಕಂಡುಕೊಂಡದ್ದು ಕೇಳಲು ಸಣ್ಣ ಸಂಗತಿ: ಆಕ್ಸಿಡೇಶನ್ ವೇಳೆ ನಾರು ಕುಗ್ಗದಂತೆ ಹಿಡಿದಿಡಬೇಕು. ಗಡಸುತನ ಬಂದದ್ದೇ ಅಲ್ಲಿಂದ. ಸುಮ್ಮನೆ ಬಿಟ್ಟ ನಾರು ತನ್ನ ಉದ್ದದ ಐದನೆಯ ಒಂದು ಪಾಲಿಗೂ ಹೆಚ್ಚು ಕುಗ್ಗಬಲ್ಲದು.

ಎರಡು ದಾರಿಗಳಿವೆ. ಸ್ಟೇನ್‌ಲೆಸ್ ಸ್ಟೀಲ್ ಚೌಕಟ್ಟಿಗೆ ಸುತ್ತಿ ಉದ್ದವನ್ನು ಕಟ್ಟಿಹಾಕುವುದು ಒಂದು. ತುದಿಗೆ ತೂಕ ನೇತುಹಾಕುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ, ಕುಗ್ಗುವುದು ಹಿಗ್ಗುವುದು ಕಣ್ಣಿಗೆ ಕಾಣುತ್ತದೆ. ತೂಕದ ಲೆಕ್ಕ ಹೀಗೆ: 3000 ಎಳೆಗಳ ಟೋ, ಎಳೆಯೊಂದರ ಅಡ್ಡಕೊಯ್ತ 103 ಚದರ ಮೈಕ್ರಾನ್, ಒಟ್ಟು ಸುಮಾರು 0.31 ಚದರ ಮಿಲಿಮೀಟರ್. 2 ಮೆಗಾಪಾಸ್ಕಲ್ ಬಿಗಿತ ಬೇಕೆಂದರೆ 0.62 ನ್ಯೂಟನ್, ಅಂದರೆ 63 ಗ್ರಾಂ ತೂಕ. ಅಲ್ಲಿಂದ ಶುರು ಮಾಡಿ, ಎಳೆ ತುಂಡಾಗದಷ್ಟು ಮೇಲಕ್ಕೆ ಹೋಗಿ. ಪರ್ಮಾಂಗನೇಟ್ ಕಂಡ ನಾರು ಸ್ವಲ್ಪ ಹೆಚ್ಚು ಎಳೆತಕ್ಕೆ ಬಗ್ಗುವುದುಂಟು.

ಟೋವನ್ನು ಯಾವ ಕಾರಣಕ್ಕೂ ಪದರದ ಮೇಲೆ ಪದರ ಸುತ್ತಬೇಡಿ. ನಾನು ಒಮ್ಮೆ ಜಾಗ ಉಳಿಸಲು ಒಂದೇ ಚೌಕಟ್ಟಿಗೆ ಮೂರು ಸುತ್ತು ಒಂದರ ಮೇಲೊಂದು ಹಾಕಿ ಓವನ್‌ಗಿಟ್ಟೆ. ಡಿಸ್ಪ್ಲೇ 235 ತೋರಿಸುತ್ತಿತ್ತು, ಎಲ್ಲ ಸರಿಯಿದೆ ಎಂದುಕೊಂಡಿದ್ದೆ. ಒಳಪದರದ ಶಾಖಕ್ಕೆ ಹೊರಹೋಗಲು ದಾರಿಯಿರಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದಾಗ ಚೌಕಟ್ಟಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ. ನೋಡನೋಡುತ್ತ ಅದು ಟೋ ಉದ್ದಕ್ಕೂ ಹರಿಯಿತು. ಓವನ್ ಬಂದ್ ಮಾಡಿ, ಬಾಗಿಲು ತೆರೆಯದೆ, ಹೊಗೆ ಎಳೆಯುವ ಫ್ಯಾನ್ ಚಾಲೂ ಇಟ್ಟು, ಎಲ್ಲರೂ ಹೊರಗೆ ಬಂದೆವು. ಬಾಗಿಲು ತೆರೆದಿದ್ದರೆ ಹೊಸ ಗಾಳಿ ನುಗ್ಗಿ ಉರಿ ಹೆಚ್ಚುತ್ತಿತ್ತು, ಹೊಗೆ ಮುಖಕ್ಕೆ ಹೊಡೆಯುತ್ತಿತ್ತು. ತಣ್ಣಗಾದ ಮೇಲೆ ಚೌಕಟ್ಟಿನಲ್ಲಿ ಸಿಕ್ಕಿದ್ದು ಮುಟ್ಟಿದರೆ ಪುಡಿಯಾಗುವ ಕರಕಲು.

ಹಂತ 5: ಗಾಳಿಯ ಓವನ್

ಫ್ಯಾನ್ ಇರುವ ಓವನ್ನೇ ಬೇಕು. ಗಾಳಿಗೆ ಇಲ್ಲಿ ಎರಡು ಕೆಲಸ: ಆಕ್ಸಿಜನ್ ಕೊಡುವುದು, ನಾರು ಬಿಡುವ ಶಾಖವನ್ನು ಹೊತ್ತೊಯ್ಯುವುದು. ಉಷ್ಣತೆ ಅಳೆಯುವ ಥರ್ಮೋಕಪಲ್ ಓವನ್ ಗೋಡೆಯಲ್ಲಿದ್ದರೆ ಸಾಲದು, ಇನ್ನೊಂದನ್ನು ಟೋ ಪಕ್ಕದಲ್ಲೇ ತಾಗಿಯೂ ತಾಗದಂತೆ ಇಳಿಬಿಡಿ. ಎರಡರ ನಡುವೆ ಅಂತರ ಹೆಚ್ಚುತ್ತಾ ಹೋದರೆ ಕ್ರಿಯೆ ಕೈಮೀರುತ್ತಿದೆ ಎಂದರ್ಥ.

ಉಷ್ಣತೆಯ ಮೆಟ್ಟಿಲುಗಳನ್ನು ನಿಮ್ಮ ನಾರಿನ ಡಿಎಸ್‌ಸಿ ನೋಡಿ ಇಡಬೇಕು. ಶಾಖ ಬಿಡಲು ಶುರುವಾಗುವ ಬಿಂದುವಿಗಿಂತ ಸಾಕಷ್ಟು ಕೆಳಗೆ ಮೊದಲ ಮೆಟ್ಟಿಲು. ಸಂಸ್ಕರಿಸದ, ಇಟಕಾನಿಕ್ ಆಮ್ಲವಿರುವ ನಾರಿಗೆ ಆರಂಭಿಕ ಯೋಜನೆ ಇದು: 200 ಡಿಗ್ರಿವರೆಗೆ ನಿಮಿಷಕ್ಕೆ 5 ಡಿಗ್ರಿಯಂತೆ, ಅಲ್ಲಿಂದ ಮುಂದೆ ನಿಮಿಷಕ್ಕೆ 1 ಡಿಗ್ರಿಯಂತೆ ಏರಿಸಿ, 220, 240, 255ರಲ್ಲಿ ತಲಾ ಅರ್ಧ ಗಂಟೆ, ಕೊನೆಗೆ 265ರಲ್ಲಿ ಕಾಲು ಗಂಟೆ ನಿಲ್ಲಿಸಿ. ಪರ್ಮಾಂಗನೇಟ್ ಸಂಸ್ಕರಣೆಯಾದ ನಾರಿನಲ್ಲಿ ಕ್ರಿಯೆ ಮೊದಲೇ ಶುರುವಾಗುವುದರಿಂದ ಮೊದಲ ಮೆಟ್ಟಿಲನ್ನು 200–210ಕ್ಕೆ ಇಳಿಸಿ, ಕೊನೆಯ ಮೆಟ್ಟಿಲುಗಳ ಅವಧಿ ಕಡಿತಗೊಳಿಸಿ. ಸಂಸ್ಕರಣೆಯ ಲಾಭ ಈ ಸಮಯದ ಉಳಿತಾಯದಲ್ಲೇ ಇದೆ. ಹಳೆಯ ಯೋಜನೆಯನ್ನೇ ಇದಕ್ಕೂ ಹಾಕಿದರೆ ಅತಿಯಾಗಿ ಆಕ್ಸಿಡೈಸ್ ಆಗಿ ಇಳುವರಿ ಬೀಳುತ್ತದೆ.

ಬಣ್ಣ ಬಿಳಿಯಿಂದ ಹಳದಿ, ಕಿತ್ತಳೆ, ತಾಮ್ರ, ಕಂದು, ಕೊನೆಗೆ ಕಪ್ಪು. ಕಪ್ಪಾದ ತಕ್ಷಣ ಮುಗಿಯಿತೆಂದು ಬಗೆಯಬೇಡಿ. ಹೊರಗೆ ಕಪ್ಪಾಗಿ ಎಷ್ಟೋ ಹೊತ್ತಿನ ಮೇಲೂ ಒಳಗೆ ಹಸಿಯಿರುತ್ತದೆ.

ಇನ್ನು ಸಯನೈಡ್ ವಿಚಾರ. ಈ ಹಂತದಲ್ಲೇ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ, ಕಾರ್ಬನೀಕರಣದಲ್ಲಿ, ಅಂದರೆ ಮುಂದಿನ ಫರ್ನೇಸ್ ಹಂತದಲ್ಲಿ, ಇನ್ನೂ ಹೆಚ್ಚು. ಕಹಿ ಬಾದಾಮಿಯ ವಾಸನೆ ಬರುತ್ತದೆ ಎಂದು ಪುಸ್ತಕಗಳಲ್ಲಿದೆ. ಆದರೆ ಆ ವಾಸನೆ ಹುಟ್ಟಿನಿಂದಲೇ ತಿಳಿಯದವರು ಬಹಳ ಜನ. ಮೂಗನ್ನು ನಂಬಬೇಡಿ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 50 ಭಾಗ ಇದ್ದರೇ ಜೀವಕ್ಕೆ ತಕ್ಷಣದ ಅಪಾಯ ಎಂದು ಪರಿಗಣಿಸಲಾಗುತ್ತದೆ. ಓವನ್ನಿನ ಹೊಗೆಕೊಳವೆ ಹೊರಗೆಳೆಯುವ ವ್ಯವಸ್ಥೆಗೆ ನೇರ ಸೇರಿರಬೇಕು, ಅನಿಲ ಪತ್ತೆ ಮಾಡುವ ಅಲಾರಂ ಮೈಮೇಲಿರಬೇಕು, ಒಬ್ಬರೇ ಕೆಲಸ ಮಾಡಬಾರದು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಅಂದಿನ ಪ್ರಯೋಗ ಬೇಡ.

ಹಂತ 6: ಹದ ಬಂದಿದೆಯೇ?

ನಾನು ಮೊದಲು ಮಾಡುವುದು ಕರಗಿಸುವ ಪರೀಕ್ಷೆ. ಸಣ್ಣ ತುಂಡನ್ನು ಡೈಮೀಥೈಲ್ ಫಾರ್ಮಮೈಡ್‌ನಲ್ಲಿ ಹಾಕಿ. ಹಸಿ ಪ್ಯಾನ್ ಕರಗುತ್ತದೆ. ಸರಿಯಾಗಿ ಸ್ಥಿರಗೊಂಡದ್ದು ಕರಗುವುದಿಲ್ಲ. ದ್ರವಕ್ಕೆ ಕಂದು ಬಣ್ಣ ಇಳಿದರೆ ಒಳಗೆ ಬಾಕಿ ಇದೆ ಎಂದು ಲೆಕ್ಕ.

ಅದಕ್ಕಿಂತ ನಂಬಿಕಸ್ಥ ಅಳತೆ ಸಾಂದ್ರತೆ. 1.18ರಿಂದ ಹೊರಟ ನಾರು 1.36 ಮತ್ತು 1.40ರ ನಡುವೆ ಬಂದು ನಿಲ್ಲಬೇಕು. ದುಬಾರಿ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ನೀರಿನಲ್ಲಿ ಕರಗಿಸಿ, ಹೈಡ್ರೋಮೀಟರ್ ಇಟ್ಟು ಒಂದು ದ್ರಾವಣವನ್ನು 1.36ಕ್ಕೂ ಇನ್ನೊಂದನ್ನು 1.40ಕ್ಕೂ ಹೊಂದಿಸಿ. ನಾರಿನ ತುಣುಕು ಮೊದಲನೆಯದರಲ್ಲಿ ಮುಳುಗಿ ಎರಡನೆಯದರಲ್ಲಿ ತೇಲಿದರೆ ಹದ ಸರಿ. ಎರಡರಲ್ಲೂ ತೇಲಿದರೆ ಹಸಿ, ಎರಡರಲ್ಲೂ ಮುಳುಗಿದರೆ ಅತಿಯಾಯಿತು. ತುಣುಕಿಗೆ ಅಂಟಿದ ಗಾಳಿಗುಳ್ಳೆ ಸುಳ್ಳು ಹೇಳಿಸುತ್ತದೆ. ಒಂದು ತೊಟ್ಟು ಮಾರ್ಜಕ ಹಾಕಿ, ಗಂಟು ಕಟ್ಟಿದ ತುಣುಕನ್ನು ನಿರ್ವಾತದಲ್ಲಿ ಕೆಲ ನಿಮಿಷ ಇಟ್ಟು ಗುಳ್ಳೆ ಬಿಡಿಸಿ ಆಮೇಲೆ ನೋಡಿ.

ಇನ್‌ಫ್ರಾರೆಡ್ ಯಂತ್ರ ಸಿಕ್ಕರೆ, ಸೆಂಟಿಮೀಟರ್‌ಗೆ ಇಷ್ಟು ಅಲೆ ಎಂಬ ಅಳತೆಯಲ್ಲಿ, 2240ರ ಬಳಿಯ ನೈಟ್ರೈಲ್ ಶಿಖರ ಕುಗ್ಗಿ 1590ರ ಬಳಿ ಉಂಗುರಗಳ ಅಗಲ ಶಿಖರ ಎದ್ದಿರುವುದು ಕಾಣುತ್ತದೆ.

ಎಪಾಕ್ಸಿಯಲ್ಲಿ ಟೋ ಹೂತು, ಅಡ್ಡ ಕೊಯ್ದು, ನಯ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಮಾತ್ರ ತಪ್ಪಿಸಬೇಡಿ. ಒಂದೇ ಬಣ್ಣದ ದುಂಡು ಚುಕ್ಕಿಗಳು ಕಂಡರೆ ಸಂತೋಷ. ಕಪ್ಪು ಉಂಗುರದ ನಡುವೆ ತಿಳಿ ಕಂದು ತಿರುಳು ಕಂಡರೆ ಹೊರಪದರ ಬಿಗಿದುಕೊಂಡು ಆಕ್ಸಿಜನ್ ಒಳಹೋಗಿಲ್ಲ. ಇಂಥ ಎಳೆಯ ತಿರುಳು ಫರ್ನೇಸ್‌ನಲ್ಲಿ ಅನಿಲವಾಗಿ ಹೋಗಿ ಟೊಳ್ಳು ಕೊಳವೆ ಉಳಿಯುತ್ತದೆ.

ಹಂತ 7: ನೈಟ್ರೋಜನ್‌ನಲ್ಲಿ ಸುಡುವುದು

ಇಲ್ಲಿ ಹೇಳುವುದು ಕಡಿಮೆ, ಪಾಲಿಸುವುದು ಹೆಚ್ಚು. ಟ್ಯೂಬ್ ಫರ್ನೇಸ್, 99.999 ಶೇಕಡಾ ಶುದ್ಧ ನೈಟ್ರೋಜನ್. ಶುರುವಿಗೆ ಮೊದಲು ಟ್ಯೂಬಿನ ಗಾಳಿಯನ್ನು ಚೆನ್ನಾಗಿ ತಳ್ಳಿ ಹೊರಹಾಕಿ. 600 ಡಿಗ್ರಿವರೆಗೆ ನಿಮಿಷಕ್ಕೆ 5 ಡಿಗ್ರಿ ಮೀರಬೇಡಿ, ಅನಿಲ ಮತ್ತು ಟಾರ್ ಹೆಚ್ಚು ಬರುವುದು ಅಲ್ಲೇ. ಅವಸರ ಮಾಡಿದರೆ ಹೊರಬರುವ ಅನಿಲ ಎಳೆಯನ್ನು ಸೀಳುತ್ತದೆ. ಮೇಲೆ 1000ದಿಂದ 1300ಕ್ಕೆ ಸ್ವಲ್ಪ ಬೇಗ ಹೋಗಬಹುದು, ಕೆಲವೇ ನಿಮಿಷ ನಿಂತರೆ ಸಾಕು. ಕ್ವಾರ್ಟ್ಜ್ ಟ್ಯೂಬಾದರೆ 1100ರೊಳಗೆ ಇರಿ, ಮೇಲೆ ಹೋಗಲು ಅಲ್ಯೂಮಿನಾ ಬೇಕು.

ಹೊರಬರುವ ಅನಿಲವನ್ನು ಕ್ಷಾರೀಯ ಹೈಪೋಕ್ಲೋರೈಟ್ ದ್ರಾವಣದಲ್ಲಿ ಹಾಯಿಸಿ, ಅದರ ಪಿಎಚ್ 10ರ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಇಳಿದರೆ ಸಯನೈಡ್ ನಾಶವಾಗುವ ಬದಲು ಇನ್ನೊಂದು ವಿಷಾನಿಲ ಉಳಿಯುತ್ತದೆ. ಫರ್ನೇಸ್‌ಗೂ ಆ ಬಾಟಲಿಗೂ ನಡುವೆ ಒಂದು ಖಾಲಿ ಬಾಟಲಿ ಇರಲೇಬೇಕು. ತಣ್ಣಗಾಗುವಾಗ ಒತ್ತಡ ಇಳಿದು ದ್ರಾವಣ ಹಿಮ್ಮುಖವಾಗಿ ಬಿಸಿ ಟ್ಯೂಬಿಗೆ ನುಗ್ಗುವುದನ್ನು ಅದು ತಡೆಯುತ್ತದೆ. 200 ಡಿಗ್ರಿಗಿಂತ ಕೆಳಗಿಳಿಯುವವರೆಗೆ ನೈಟ್ರೋಜನ್ ನಿಲ್ಲಿಸಬೇಡಿ.

ಬೇರೆ ನಾರುಗಳ ಮಾತು

ರೇಯಾನ್ ಎಂದರೆ ಸೆಲ್ಯುಲೋಸ್, ಅದರಲ್ಲಿ 44 ಶೇಕಡಾ ಮಾತ್ರ ಕಾರ್ಬನ್. ಸುಮ್ಮನೆ ಸುಟ್ಟರೆ ಅದರ ಅರ್ಧದಷ್ಟೂ ಉಳಿಯುವುದು ಕಷ್ಟ. ಅಮೋನಿಯಂ ಫಾಸ್ಫೇಟ್ ಅಥವಾ ಅಮೋನಿಯಂ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ನಾರಿನಿಂದ ನೀರು ಮೊದಲೇ ಕಳಚಿ ಇಳುವರಿ ಸುಧಾರಿಸುತ್ತದೆ. ಪಾಲಿಎಥಿಲೀನ್ ಕಥೆ ಬೇರೆ. ಅದರಲ್ಲಿ 86 ಶೇಕಡಾ ಕಾರ್ಬನ್ ಇದ್ದರೂ ಉಂಗುರ ಕಟ್ಟಲು ನೈಟ್ರೈಲ್ ಇಲ್ಲ. ಬಿಸಿ ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಸಲ್ಫೋನೀಕರಣ ಮಾಡದಿದ್ದರೆ ಕರಗಿ, ಆವಿಯಾಗಿ ಏನೂ ಉಳಿಯುವುದಿಲ್ಲ. ನೂರು ಡಿಗ್ರಿ ದಾಟಿದ ಗಾಢ ಆಮ್ಲದ ತೊಟ್ಟಿಗೆ ಬೇಕಾದ ಸುರಕ್ಷತೆ ಬೇರೆಯದೇ ಮಟ್ಟದ್ದು, ಪ್ಯಾನ್ ಕೈಗೆ ಪಳಗಿದ ಮೇಲೂ ಅನುಭವಿಗಳ ಜೊತೆಯಲ್ಲೇ ಅದಕ್ಕೆ ಕೈ ಹಾಕಿ.

ಕೊನೆಯ ತೂಕ

ಫರ್ನೇಸ್‌ನಿಂದ ತೆಗೆದ ಟೋವನ್ನು ತೂಗಿ, ಹಂತ 2ರ ತೂಕಕ್ಕೆ ಹೋಲಿಸಿ. ಅರ್ಧದ ಆಸುಪಾಸು ಇದ್ದರೆ ಸರಿ. 40 ಶೇಕಡಾಕ್ಕೆ ಬಿದ್ದಿದ್ದರೆ ಒಂದೋ ಸ್ಥಿರೀಕರಣ ಅರೆಬರೆ, ಇಲ್ಲವೇ ನೈಟ್ರೋಜನ್ ಜೊತೆ ಎಲ್ಲೋ ಗಾಳಿ ಸೋರಿದೆ. ಯಾವುದೆಂದು ತಿಳಿಯಲು ಮುರಿದ ತುದಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ. ನಡುವೆ ತೂತಿದ್ದರೆ ಓವನ್‌ನ ಮೆಟ್ಟಿಲುಗಳನ್ನು ನಿಧಾನ ಮಾಡಿ. ನಡು ಗಟ್ಟಿಯಿದ್ದು ಮೈಯೆಲ್ಲ ಸವೆದು ಒರಟಾಗಿದ್ದರೆ ಟ್ಯೂಬಿನ ಸೀಲ್‌ಗಳನ್ನು ಬದಲಿಸಿ. ಮೈ ನಯವಾಗಿದ್ದು ಅಲ್ಲಲ್ಲಿ ಸಣ್ಣ ಗುಳಿಗಳಿದ್ದರೆ ತೊಳೆಯುವ ಬೇಸರಕ್ಕೆ ಹಿಂದಿರುಗಿ: ಮುಂದಿನ ಸಲ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೆರಡು ಸುತ್ತು.